ಖಾಲಿ ಡಬ್ಬಿ ವಾಪಸ್ ಕೊಡದ ಚಿಪ್

ಸರ್ವಮಂಗಳಮ್ಮ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದರು. ಅವರ ತಮ್ಮ ತಿಪ್ಪೇಶ ಒಂದೊಂದಾಗಿ ಅಳಿಸಿದ. ಕೊನೆಯ ಹೆಸರು ಪಕ್ಕದ ಮನೆಯ ಜಬೀನಾ ತಾಜ್‌ದು. ಅದನ್ನೂ ಅಳಿಸಿ, ಖಾಲಿಯಾದ ಜಾಗದಲ್ಲಿ 'ಕೆ. ತಿಪ್ಪೇಶ್, ಸಂಶೋಧಕ, ದಾವಣಗೆರೆ' ಎಂದು ಬರೆದ. ಆಮೇಲೆ ಇಬ್ಬರೂ ಕೂತು ಊಟ ಮಾಡಿದರು.

ಓದಿ ಹೇಳಬೇಕಾಗಿ ಬಂದದ್ದು ಯಾಕೆಂದರೆ, ತಿಪ್ಪೇಶನೇ ಕಂಡುಹಿಡಿದ 'ತಾನಾಗಿ ಮಡಚಿಕೊಳ್ಳುವ ಕುರ್ಚಿ' ಅವತ್ತು ಬೆಳಿಗ್ಗೆ ಅವನ ಕನ್ನಡಕವನ್ನು ಒಳಗಿಟ್ಟುಕೊಂಡೇ ಮಡಚಿಕೊಂಡಿತ್ತು. ಕುರ್ಚಿ ಇನ್ನೂ ಬಿಚ್ಚಿಕೊಂಡಿಲ್ಲ.

ಹೆಸರು ಅಳಿಸಿದ್ದು ಒಂದು ಚಿಪ್‌ನ ನಕ್ಷೆಯ ತಲೆಬರಹದಿಂದ. ಪರದೆ ಇರುವ ಯಾವ ಯಂತ್ರಕ್ಕೂ ಚಿತ್ರ ಬಿಡಿಸುವ ಚಿಪ್ ಒಂದು ಬೇಕು. ಫೋನಿಗೆ ಬೇಕು, ಒಪ್ಪೋಣ. ಈಗ ಗ್ರೈಂಡರಿಗೂ ಬೇಕು, ವಾಷಿಂಗ್ ಮಷಿನ್ನಿಗೂ ಬೇಕು, ಮಂಡಕ್ಕಿ ತೂಗುವ ತಕ್ಕಡಿಗೂ ಬೇಕು. ಇಷ್ಟು ದಿನ ಅದನ್ನು ಮಾಡುತ್ತಿದ್ದ ದೊಡ್ಡ ಕಂಪನಿಗಳು ಒಳಗೇನಿದೆ ಎಂದು ಯಾರಿಗೂ ತೋರಿಸುತ್ತಿರಲಿಲ್ಲ. ಈ ನಕ್ಷೆ ಹಾಗಲ್ಲ. ಬೇರೆಬೇರೆ ದೇಶದ, ಒಬ್ಬರ ಮುಖ ಒಬ್ಬರು ಕಾಣದ ಜನ, ಹೊಟ್ಟೆಪಾಡಿನ ಕೆಲಸ ಮುಗಿಸಿ ಬಂದು ಬಿಡುವಿನಲ್ಲಿ ಸೇರಿ ಬರೆದದ್ದು. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಷರತ್ತು ಒಂದೇ: ಬರೆದವರ ಹೆಸರು ಮೇಲಿರಬೇಕು. ಬಾವಿಯಿಂದ ಎಷ್ಟು ಬೇಕಾದರೂ ಸೇದಿಕೋ, ಕಟ್ಟೆಯ ಕಲ್ಲು ಮಾತ್ರ ಕೀಳಬೇಡ ಎಂದ ಹಾಗೆ.

ನಕ್ಷೆಯನ್ನು ತಿಪ್ಪೇಶನಿಗೆ ತಂದು ತೋರಿಸಿದವಳೇ ಜಬೀನಾ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅವಳ ಕೆಲಸ. ಎಷ್ಟು ಚಿಕ್ಕ ಪರದೆಯಾದರೂ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗದಂತೆ ಚಿಪ್‌ಗೆ ಕಲಿಸಿದ ಭಾಗ ಅವಳು ಬರೆದದ್ದು.

"ತಗೋರಿ ಅಣ್ಣಾ, ಇದು ಎಲ್ಲಾರ್ದು" ಎಂದು ಕೊಟ್ಟಿದ್ದಳು. "ನಮ್ಮಮ್ಮಗೆ ಮಷಿನ್ ಮೇಲಿನ ಇಂಗ್ಲಿಷ್ ಓದಾಕೆ ಬರಲ್ಲ. ಒಂದ್ ದಿನ ಅದು ಕನ್ನಡದಾಗೆ ಮಾತಾಡ್ಲಿ ಅಂತ ಮಾಡಿದ್ದು."

ತಿಪ್ಪೇಶ ಅದನ್ನು ಎತ್ತಿಕೊಂಡು ಮೊದಲು ಹೋದದ್ದು ಅಭಯ ಗ್ರೈಂಡರ್ಸ್ ಮಾಲೀಕ ಶೇಖರಪ್ಪನವರ ಹತ್ತಿರ. ಶೇಖರಪ್ಪನವರು ಮುಂದಿದ್ದ ಮಿರ್ಚಿಯನ್ನು ಮಂಡಕ್ಕಿಯೊಳಗೆ ಮುರಿಯುತ್ತ ಕೇಳಿದರು.

"ಇದರ ಮಾಲೀಕ ಯಾರು?"

"ಎಲ್ಲಾರೂ ಸಾರ್."

"ಹಂಗಾದ್ರೆ ಬ್ಯಾಡ. ನಾನು ಇವತ್ತು ಹಾಕ್ತೀನಿ, ನಾಳೆ ಹರಿಹರದವನು ಹಾಕ್ತಾನೆ. ನನ್ನ ಗ್ರೈಂಡರಿಗೆ ಏನು ಹೆಚ್ಚುಗಾರಿಕೆ ಬಂತು? ಒಬ್ಬನದಾಗಿದ್ರೆ ಹೇಳು, ಅವನ ಕೂಡ ಮಾತಾಡ್ತೀನಿ. ಊರಿಗೆಲ್ಲ ಸೇರಿದ್ದಕ್ಕೆ ಮಾರ್ಕೆಟ್ ಇಲ್ಲಪ್ಪ."

ಮಾತು ಸುಳ್ಳಲ್ಲ. ಊರಿಗೆಲ್ಲ ಸೇರಿದ್ದಕ್ಕೆ ಮಾರ್ಕೆಟ್ ಇರುವುದಿಲ್ಲ. ಯಾರಾದರೂ ಅದನ್ನು ಕದ್ದ ಮೇಲೆ ಹುಟ್ಟಿಕೊಳ್ಳುತ್ತದೆ. ತಿಪ್ಪೇಶ ಮನೆಗೆ ಬಂದು ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಸರ್ವಮಂಗಳಮ್ಮ ಪ್ರೈಮರಿ ಶಾಲೆಯಲ್ಲಿ ಮಕ್ಕಳ ಹಾಜರಿ ಕೂಗುತ್ತ ನಿವೃತ್ತರಾದವರು. ಹೆಸರು ಓದುವಾಗ ಅವರ ದನಿ ಎಂದೂ ತಡವರಿಸಿದ್ದಿಲ್ಲ. ಜಬೀನಾಳ ಹೆಸರಿಗೆ ಬಂದಾಗ ಒಂದು ಗಳಿಗೆ ನಿಂತಿತು. ತಲೆ ನರೆತ ತಮ್ಮ ಮಾಡಿದ್ದೆಲ್ಲ ಮಡಚಿಕೊಂಡು ಬೀಳುವುದನ್ನೇ ನೋಡಿ ನೋಡಿ ಸಾಕಾಗಿತ್ತು. ಒಂದು ಸಲ ಗೆಲ್ಲಲಿ ಎಂದುಕೊಂಡರು. ಓದಿಬಿಟ್ಟರು.

*

ಮುಚ್ಚಿಹೋದ ಹತ್ತಿ ಗಿರಣಿಯ ಹಿಂದೆ ಇವರಿರುವ ಚಾಳು ಇದೆ. ಗೋಡೆಗೆ ಗೋಡೆ ಅಂಟಿದ ಮನೆಗಳು, ಎಲ್ಲರಿಗೂ ಸೇರಿ ಒಂದು ಅಂಗಳ, ಒಂದು ನೀರಿನ ಟ್ಯಾಂಕು. ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಗಳೇ ಚಿಪ್ಪುಗಳನ್ನೂ ಅಚ್ಚು ಹಾಕಿಕೊಡುವ ಕಾಲ ಬಂದಿತ್ತಾದ್ದರಿಂದ ತಿಪ್ಪೇಶನಿಗೆ ಕೆಲಸ ಕಷ್ಟವಾಗಲಿಲ್ಲ. ಚಾಳಿನ ಯಂತ್ರಗಳಿಗೆಲ್ಲ ಚಿಪ್ ಕೂರಿಸಿದ. ಮನೆಮನೆಗೆ ಹೋಗಿ ಒಪ್ಪಿಸಿದವರು ಸರ್ವಮಂಗಳಮ್ಮ. ಟೀಚರ್ ಹೇಳಿದ ಮೇಲೆ ಯಾರು ಬೇಡ ಎನ್ನುತ್ತಾರೆ?

ಪ್ರದರ್ಶನದ ದಿನ ಅಂಗಳದ ನಡುವೆ ಗ್ರೈಂಡರಿಗೆ ಚೆಂಡುಹೂವಿನ ಮಾಲೆ ಹಾಕಿದ್ದ.

"ಬರ್ರಿ, ಹತ್ರ ಬರ್ರಿ. ಮುಟ್ಟಬ್ಯಾಡ್ರಿ. ಇದು ಸಾಮಾನ್ಯ ಚಿಪ್ ಅಲ್ಲ, ಇದಕ್ಕೆ ಸಂಸಾರಸ್ಥರ ಬುದ್ಧಿ ಐತೆ. ನೆನಪಿನ ಜಾಗ ಇದರಾಗೆ ಕಾಲು ಭಾಗ ಅಷ್ಟೆ, ಅದಕ್ಕೇ ಅಗ್ಗ. ಸಾಲದೆ ಬಂದ್ರೆ ಪಕ್ಕದ ಮನೆ ಮಷಿನ್ನಿಂದ ಕಡ ಇಸ್ಕೊಳ್ಳುತ್ತೆ, ನಾವು ಸಕ್ಕರೆ ಇಸ್ಕೊಳ್ಳಲ್ವಾ, ಹಂಗೆ. ಕಡ ಕೊಡೋ ನಿಯಮ ಎಲ್ಲಾ ನಮ್ಮಕ್ಕನ ಹತ್ರಾನೇ ಕೇಳಿ ಹಾಕಿದ್ದು."

ಅದು ನಿಜ. ಕಡ ಇಸ್ಕೊಳ್ಳೋದು ಹೆಂಗೆ ಹೇಳಕ್ಕ ಎಂದು ಅವನು ಕೇಳಿದಾಗ ಸರ್ವಮಂಗಳಮ್ಮ ಸೌತೆಕಾಯಿ ಹೆಚ್ಚುತ್ತ ಹೇಳಿದ್ದರು. ಮೊದಲು ಗೋಡೆಯಾಚೆಯ ಮನೆ ಕೇಳು, ದೂರದ್ದು ಆಮೇಲೆ. ಯಾಕೆ ಬೇಕು ಅಂತ ಕೇಳಬಾರದು. ಡಬ್ಬಿ ವಾಪಸ್ ಕೊಡುವಾಗ ಖಾಲಿ ಕೊಡಬಾರದು, ಮನೆಯಲ್ಲಿ ಇದ್ದದ್ದು ಏನಾದರೂ ಹಾಕಿ ಕೊಡು. ಶುಕ್ರವಾರ ದೀಪ ಹಚ್ಚಿದ ಮೇಲೆ ಯಾರಿಗೂ ಏನೂ ಕೊಡಬಾರದು, ಬೆಳಗಾಗಲಿ ಅನ್ನು. ತಿಪ್ಪೇಶ ಒಂದೂ ಬಿಡದೆ ಚಿಪ್‌ಗೆ ಹಾಕಿದ. ಸೂರ್ಯ ಮುಳುಗುವ ಹೊತ್ತನ್ನು ಪಂಚಾಂಗದಿಂದ ತೆಗೆದು ಹಾಕಿದ.

ಗ್ರೈಂಡರ್ ತಿರುಗಿತು. ಪರದೆಯ ಮೇಲೆ ಮಾವಿನ ತೋರಣ ಬಂತು, ತೋರಣದ ಕೆಳಗೆ ತಿಪ್ಪೇಶನ ಹೆಸರು ಬಂತು. ಅದು ಹೋದ ಮೇಲೆ ಒಂದು ಇಡ್ಲಿ ಬಂದು ಕಣ್ಣು ಮಿಟುಕಿಸಿತು. 'ಹಿಟ್ಟು ಇನ್ನೂ ನುಣ್ಣಗಾಗಬೇಕು' ಎಂದು ಅಕ್ಷರ ಮೂಡಿತು. ಒತ್ತುಗಳು ಮುತ್ತಿನಂತಿದ್ದವು.

"ಕೈ ಹಾಕಿ ನೋಡಿದ್ರೆ ಗೊತ್ತಾಗಲ್ವಾ?" ಎಂದಳು ಮಂಡಕ್ಕಿ ಅಂಗಡಿಯ ಹೊನ್ನಮ್ಮ.

"ಬೆರಳು ಹೋಗುತ್ತೆ ಹೊನ್ನಮ್ಮ."

"ಮದುವೆ ಆಗಿ ಬಂದಾಗಿಂದ ಹಾಕ್ತಾ ಇದೀನಿ. ಎಣಿಸ್ಕೋ" ಎಂದು ಅವಳು ಎರಡೂ ಕೈ ಚಾಚಿದಳು.

ಜಬೀನಾ ಮಾತ್ರ ಪರದೆಯನ್ನೇ ನೋಡುತ್ತ ನಿಂತಿದ್ದಳು. "ಅಣ್ಣಾ, ಶುರುವಿನಾಗೆ ಎಲ್ಲಾರ ಹೆಸರು ಬರಬೇಕಿತ್ತಲ್ಲ?"

"ಪರದೆ ಚಿಕ್ಕದಮ್ಮ. ಒಳಗೆ ಅದಾವೆ, ಎಲ್ಲಾ ಭದ್ರವಾಗಿ."

"ಹೌದಾ ಟೀಚರ್?" ಎಂದು ಜಬೀನಾ ನಗುತ್ತ ಈ ಕಡೆ ತಿರುಗಿದಳು. ಸುಮ್ಮನೆ ಕೇಳಿದ್ದು, ಅನುಮಾನದಿಂದಲ್ಲ.

ಸರ್ವಮಂಗಳಮ್ಮ ಗ್ರೈಂಡರಿನ ಮಾಲೆ ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

ಅವತ್ತಿನಿಂದ ಅವರು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗಲಿಲ್ಲ. ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮೊಸರು ಮಾಡಲು ನೋಡಿದರು. ಅದು ಹಾಲೂ ಅಲ್ಲ, ಮೊಸರೂ ಅಲ್ಲ, ಮುಖ ತಿರುಗಿಸಿಕೊಂಡ ನೆಂಟರ ಹಾಗೆ ನೀರು ಬಿಟ್ಟುಕೊಂಡು ಕೂತಿತು. ಹಿಂದಿನ ವಾರ ಹೆಪ್ಪು ತಂದಿದ್ದ ಜಬೀನಾಳ ಸ್ಟೀಲ್ ಡಬ್ಬಿ ಅಡುಗೆಮನೆಯ ಗೂಡಿನಲ್ಲೇ ಉಳಿಯಿತು. ಖಾಲಿ ಕೊಡುವ ಹಾಗಿಲ್ಲ. ತುಂಬಿ ಕೊಡಲು ಮುಖವಿಲ್ಲ.

*

ಮೊದಲ ತೊಂದರೆ ಬಂದದ್ದು ಟ್ಯಾಂಕಿನ ಪಂಪಿನಲ್ಲಿ. ನೀರಿನ ಮಟ್ಟ ತೋರಿಸಬೇಕಿದ್ದ ಪರದೆಯಲ್ಲಿ ಕಣ್ಣು ಮಿಟುಕಿಸುವ ಇಡ್ಲಿ ಇತ್ತು. ಮಾರನೇ ದಿನ ಗ್ರೈಂಡರಿನಲ್ಲಿ ಯಾರದೋ ಪಟ್ಟಾಪಟ್ಟಿ ಚಡ್ಡಿ ಗಿರಗಿರ ತಿರುಗುವುದು ಕಂಡಿತು. ವಾಷಿಂಗ್ ಮಷಿನ್ನು ಗ್ರೈಂಡರಿನ ಹತ್ತಿರ ಜಾಗ ಕಡ ಇಸಿದುಕೊಂಡು, ಕೆಲಸ ಮುಗಿದ ಮೇಲೆ ಖಾಲಿ ಕೊಡಬಾರದೆಂದು ತನ್ನ ಮನೆಯಲ್ಲಿದ್ದದ್ದನ್ನು ಹಾಕಿ ಕೊಟ್ಟಿತ್ತು.

"ಸಣ್ಣ ವಿಷಯ" ಎಂದ ತಿಪ್ಪೇಶ. "ಮರ್ಯಾದೆ ಜಾಸ್ತಿ ಆಗೈತೆ, ಅಷ್ಟೆ."

ದೊಡ್ಡ ವಿಷಯ ಆದದ್ದು ಶುಕ್ರವಾರ. ಕೊನೆಯ ಮನೆಯ ಶಾಂತವೀರಯ್ಯನವರ ಫ್ರಿಜ್ಜು ಹೊಸ ಕಾಲದ್ದು. ಒಳಗೇನಿದೆ ಎಂದು ಬಾಗಿಲು ತೆಗೆಯದೆಯೇ ಹೊರಗಿನ ಪರದೆಯಲ್ಲಿ ತೋರಿಸುವಂಥದ್ದು. ಅದು ಹೊನ್ನಮ್ಮನ ತಕ್ಕಡಿಯಿಂದ ಜಾಗ ಇಸಿದುಕೊಂಡು ಸೂರ್ಯ ಮುಳುಗುವ ಮುಂಚೆ, ತನ್ನೊಳಗಿನ ಚಿತ್ರ ಹಾಕಿ, ಮರ್ಯಾದೆಯಾಗಿ ವಾಪಸ್ ಕೊಟ್ಟಿತು. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಚಾಳಿನ ಯಂತ್ರಗಳೆಲ್ಲ ಕೊಡುವುದು ತೆಗೆದುಕೊಳ್ಳುವುದು ನಿಲ್ಲಿಸಿದವು. ತಕ್ಕಡಿಯ ಪರದೆಯಲ್ಲಿ ಬಂದ ಚಿತ್ರ ಬೆಳಗಿನ ತನಕ ಅಲ್ಲೇ ಉಳಿಯಿತು. ಮಂಡಕ್ಕಿಗೆ ಬಂದವರೆಲ್ಲ ಅದನ್ನು ನೋಡಿದರು.

"ಅವು ಮೊಟ್ಟೆ" ಎಂದಳು ಹೊನ್ನಮ್ಮ.

"ಆಲೂಗಡ್ಡೆ" ಎಂದರು ಶಾಂತವೀರಯ್ಯ. ಅವರು ಊರಿಗೆಲ್ಲ ಆಹಾರಶುದ್ಧಿಯ ಬಗ್ಗೆ ಉಪನ್ಯಾಸ ಕೊಡುವವರು. ಹೊನ್ನಮ್ಮನ ಅಂಗಡಿಯ ಎದುರು ಎಗ್‌ರೈಸ್ ಗಾಡಿ ನಿಲ್ಲಬಾರದೆಂದು ಅರ್ಜಿ ಬರೆದವರು.

"ಬೆಳ್ಳಗದಾವೆ."

"ಸಿಪ್ಪೆ ತೆಗೆದಿಟ್ಟಿದೀನಿ."

"ಗುಂಡಿ ಇರೋ ಟ್ರೇದಾಗೆ ಒಂದೊಂದೇ ಕೂತದಾವೆ."

"ಜಜ್ಜಿ ಹೋಗಬಾರದು ಅಂತ."

"ಸ್ವಾಮಿ, ತಿನ್ನೋದು ತಪ್ಪಲ್ಲ, ತಿನ್ರಿ" ಎಂದಳು ಹೊನ್ನಮ್ಮ. "ಆದ್ರೆ ಆ ಗಾಡಿ ಹುಡ್ಗನ ಹೊಟ್ಟೆ ಮೇಲೆ ಹೊಡೆದು, ಇಲ್ಲಿ ಬಂದು ಆಲೂಗಡ್ಡೆ ಅಂತೀರಲ್ಲ. ಅದು ತಪ್ಪು."

ಶಾಂತವೀರಯ್ಯ ತಲೆ ತಗ್ಗಿಸಿಕೊಂಡು ಮನೆಯೊಳಗೆ ಹೋದರು. ನೋಡಿ ನಕ್ಕವರಲ್ಲಿ ಸರ್ವಮಂಗಳಮ್ಮ ಇರಲಿಲ್ಲ. ತಗ್ಗಿಸಿದ ತಲೆ ಹೇಗಿರುತ್ತದೆಂದು ಅವರಿಗೆ ಕನ್ನಡಿಯಲ್ಲಿ ನೋಡಿ ಗೊತ್ತಿತ್ತು.

ಆಮೇಲೆ ಮರ್ಯಾದೆ ಮಿತಿಮೀರಿತು. ಇಡ್ಲಿ ಪಡೆದ ಪಂಪು ಅದನ್ನು ಸುಮ್ಮನೆ ಇಟ್ಟುಕೊಳ್ಳಲಾದೀತೇ? ಇಡ್ಲಿಯ ಜೊತೆ ನೀರಿನ ಚಿತ್ರ ಸೇರಿಸಿ ಗ್ರೈಂಡರಿಗೆ ಕೊಟ್ಟಿತು. ಗ್ರೈಂಡರು ಅದಕ್ಕೆ ಹಿಟ್ಟು ಸೇರಿಸಿ ಹಿಂದಕ್ಕೆ ಕಳಿಸಿತು. ಹಬ್ಬದ ಮಾರನೇ ದಿನ ಎರಡು ಮನೆಯ ಹೆಂಗಸರು ಒಂದೇ ಚಕ್ಕುಲಿ ಡಬ್ಬಿ ಹಿಡಿದು ನೀವಿಟ್ಟುಕೊಳ್ಳಿ, ನೀವಿಟ್ಟುಕೊಳ್ಳಿ ಎಂದು ಬಾಗಿಲಲ್ಲಿ ನಿಂತ ಹಾಗೆ ಚಾಳಿನ ಯಂತ್ರಗಳೆಲ್ಲ ನಿಂತವು. ಕೊಡುತೆಗೆಯ ಗಡಿಬಿಡಿಯಲ್ಲಿ ಅವಕ್ಕೆ ಸ್ವಂತ ಕೆಲಸ ಮರೆತೇ ಹೋಯಿತು. ಪಂಪು ನಿಲ್ಲುವುದನ್ನು ಮರೆತು ಟ್ಯಾಂಕು ತುಂಬಿ, ಅಂಗಳ ತುಂಬಿ, ಶಾಂತವೀರಯ್ಯನವರ ಪಾದರಕ್ಷೆಗಳು ಗೇಟಿನವರೆಗೆ ತೇಲಿಹೋದವು. ಜಬೀನಾಳ ತಾಯಿಯ ಒಂದು ದುಪಟ್ಟಾವನ್ನು ವಾಷಿಂಗ್ ಮಷಿನ್ನು ಬೆಳಿಗ್ಗೆಯಿಂದ ಸಂಜೆಯವರೆಗೂ ಒಗೆದು, ಸಂಜೆ ಬರೀ ಅಂಚನ್ನು ವಾಪಸ್ ಕೊಟ್ಟಿತು.

"ತೆಗೆದುಬಿಡೋ" ಎಂದರು ಸರ್ವಮಂಗಳಮ್ಮ. "ನೀನು ಮಾಡಿದ್ದು ಅಂತ ಒಪ್ಪಿಕೊಂಡು ತೆಗೆದುಬಿಡು."

"ಶೇಖರಪ್ಪನೋರು ಬರೋ ಶುಕ್ರವಾರ ನೋಡಾಕೆ ಬರ್ತಾರೆ ಅಕ್ಕ. ಮೆಚ್ಚಿದ್ರೆ ಅವರ ಗ್ರೈಂಡರ್ ಅಷ್ಟಕ್ಕೂ ನಮ್ಮ ಚಿಪ್ಪೇ."

"ನಮ್ಮ ಚಿಪ್ಪಾ?"

ತಿಪ್ಪೇಶ ಕಿವಿ ಕೆರೆದುಕೊಂಡ.

*

ಶುಕ್ರವಾರ ಮಧ್ಯಾಹ್ನ ಅವನು ಮನೆಮನೆಗೆ ಹೋಗಿ ಯಂತ್ರಗಳ ಹೊಟ್ಟೆಯಲ್ಲಿ ಸೇರಿಕೊಂಡಿದ್ದ ಚಿತ್ರಗಳನ್ನೆಲ್ಲ ತೊಳೆದು ಹಾಕಿದ. ಚಡ್ಡಿ ಹೋಯಿತು, ಇಡ್ಲಿ ಹೋಯಿತು, ಆಲೂಗಡ್ಡೆಯೂ ಹೋಯಿತು. ತೊಳೆಯದೆ ಬಿಟ್ಟದ್ದು ಒಂದೇ ಯಂತ್ರ, ಅವನ ಕೆಲಸದ ಮೇಜಿನ ಕಂಪ್ಯೂಟರು. ಅದಕ್ಕೂ ಅದೇ ಚಿಪ್ ಹಾಕಿಕೊಂಡಿದ್ದ.

"ಅದನ್ನೂ ತೊಳಿ" ಎಂದರು ಅಕ್ಕ.

"ನಂದರಾಗೆ ಮುಚ್ಚಿಡಾಕೆ ಏನೈತೆ ಅಕ್ಕ?"

ಸೂರ್ಯ ಮುಳುಗುವ ಮುಂಚೆ ಬನ್ನಿ ಎಂದು ಶೇಖರಪ್ಪನವರಿಗೆ ಹೇಳಿದ್ದ. ಮಾಲೀಕರಾದವರು ಹೇಳಿದ ಹೊತ್ತಿಗೆ ಬಂದರೆ ಮಾಲೀಕರು ಹೇಗಾದಾರು? ಅವರ ಕಾರು ಬಂದಾಗ ಗಿರಣಿಯ ಚಿಮಣಿಯ ತುದಿಯಲ್ಲಿ ಮಾತ್ರ ಬಿಸಿಲಿತ್ತು. ಚಾಳೆಲ್ಲ ಅಂಗಳದಲ್ಲಿ ನೆರೆದಿತ್ತು. ಸರ್ವಮಂಗಳಮ್ಮ ಒಳಗೆ ದೇವರ ಗೂಡಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

ಗ್ರೈಂಡರ್ ತಿರುಗಿತು. ತೋರಣ ಬಂತು, ಹೆಸರು ಬಂತು. ಶೇಖರಪ್ಪನವರು ತಲೆದೂಗಿದರು. ಗ್ರೈಂಡರಿಗೆ ಜಾಗ ಸಾಲಲಿಲ್ಲ, ಗೋಡೆಯಾಚೆಯಿಂದ ಇಸಿದುಕೊಂಡಿತು. ಪಂಪು, ಫ್ರಿಜ್ಜು, ತಕ್ಕಡಿ ಎಲ್ಲಕ್ಕೂ ಜಾಗ ಬೇಕಾಯಿತು. ಎಲ್ಲವೂ ಕೊಟ್ಟವು, ತೆಗೆದುಕೊಂಡವು. ಆದರೆ ಹಿಂದಿರುಗಿಸುವಾಗ ಡಬ್ಬಿಗೆ ಹಾಕಲು ಯಾರ ಮನೆಯಲ್ಲೂ ಏನೂ ಇರಲಿಲ್ಲ. ತಿಪ್ಪೇಶ ಎಲ್ಲವನ್ನೂ ತೊಳೆದಿದ್ದನಲ್ಲ? ಇದ್ದದ್ದು ಮೇಜಿನ ಕಂಪ್ಯೂಟರಿನಲ್ಲಿ ಮಾತ್ರ. ಬಡವರ ಮನೆಯ ಹೆಂಗಸು ಡಬ್ಬಿಯ ತಳ ಕೆರೆದು ಒಂದು ಚೂರು ಬೆಲ್ಲ ಹುಡುಕುವ ಹಾಗೆ ಅದು ತನ್ನ ತಳ ಕೆರೆಯಿತು. ನಕ್ಷೆ ತಿದ್ದಿದ ದಿನದಿಂದ ಅಡಿಯಲ್ಲಿ ಅಂಟಿಕೊಂಡಿದ್ದ ಒಂದು ಚಿತ್ರ ಸಿಕ್ಕಿತು. ಅದನ್ನೇ ಗ್ರೈಂಡರಿಗೆ ಹಾಕಿ ಕೊಟ್ಟಿತು. ಗ್ರೈಂಡರು ಪಂಪಿಗೆ ಹಂಚಿತು. ಪಂಪು ಫ್ರಿಜ್ಜಿಗೆ, ಫ್ರಿಜ್ಜು ತಕ್ಕಡಿಗೆ, ತಕ್ಕಡಿ ವಾಷಿಂಗ್ ಮಷಿನ್ನಿಗೆ.

ಹೊರಗಿನ ಗದ್ದಲ ಒಮ್ಮೆಗೇ ನಿಂತದ್ದು ಕೇಳಿ ಸರ್ವಮಂಗಳಮ್ಮ ಬಾಗಿಲಿಗೆ ಬಂದರು.

ಚಾಳಿನ ಪ್ರತಿ ಪರದೆಯ ಮೇಲೂ ಹೆಸರುಗಳ ಸಾಲು ನಿಂತಿತ್ತು. ಮೊದಲ ಹೆಸರು ಬಾಲದಿಂದ ತಲೆಯವರೆಗೆ ಅಕ್ಷರ ಅಕ್ಷರವಾಗಿ ಅಳಿಯಿತು. ಆಮೇಲೆ ಎರಡನೆಯದು. ಅವಸರವಿಲ್ಲದೆ, ಒಬ್ಬರು ಓದಿ ಹೇಳುತ್ತಿದ್ದಾರೆ, ಇನ್ನೊಬ್ಬರು ಕೇಳಿ ಅಳಿಸುತ್ತಿದ್ದಾರೆ ಎನ್ನುವಂಥ ನಿಧಾನದಲ್ಲಿ. ಆ ನಿಧಾನ ಯಾರ ದನಿಯದೆಂದು ಸರ್ವಮಂಗಳಮ್ಮನಿಗೆ ಮಾತ್ರ ಕೇಳಿಸುತ್ತಿತ್ತು. ಕೊನೆಯ ಹೆಸರಿನ ಬಳಿ ಅಳಿಸುವ ಗೆರೆ ಒಂದು ಗಳಿಗೆ ನಿಂತಿತು. ಮತ್ತೆ ಹೊರಟಿತು.

ಆಗ ಚಿಮಣಿಯ ತುದಿಯ ಬಿಸಿಲು ಆರಿತು. ಪಂಚಾಂಗದ ಪ್ರಕಾರ ಸೂರ್ಯ ಮುಳುಗಿದ. ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಎಲ್ಲ ಪರದೆಗಳೂ ಇದ್ದಲ್ಲೇ ನಿಂತವು. ಗ್ರೈಂಡರಿನ ಮೇಲೆ, ಪಂಪಿನ ಮೇಲೆ, ಆಲೂಗಡ್ಡೆಯ ಫ್ರಿಜ್ಜಿನ ಮೇಲೆ, ಖಾಲಿ ಸಾಲುಗಳ ಕೆಳಗೆ 'ಜಬೀನಾ' ಎಂಬಷ್ಟು ಉಳಿದುಕೊಂಡಿತ್ತು. ಅದರ ಪಕ್ಕದಲ್ಲಿ ಅಳಿಸುವ ಗೆರೆ ಮಿಣುಕುತ್ತಿತ್ತು.

ತಿಪ್ಪೇಶ ಓಡಿಹೋಗಿ ಗ್ರೈಂಡರಿನ ಸ್ವಿಚ್ಚು ಆರಿಸಿದ. ಹೊತ್ತಿಸಿದ. ತೋರಣ ಬಂತು, ಅವನ ಹೆಸರು ಬಂತು, ಅದರ ಕೆಳಗೂ 'ಜಬೀನಾ'.

ಜಬೀನಾ ತನ್ನ ಮನೆಯ ಬಾಗಿಲಲ್ಲಿ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

ಮೊದಲು ಬಾಯಿ ಬಿಟ್ಟವರು ಶೇಖರಪ್ಪ. "ಏನಪ್ಪ ಇದು? ನಿಂದೇ ಅಂದೆಯಲ್ಲ?"

ತಿಪ್ಪೇಶನ ಬೆವರು ಮೂಗಿನ ತುದಿಗಿಳಿದು ತೂಗಿತು. ಆಮೇಲೆ ಅವನ ಮುಖದಲ್ಲಿ ಹೊಸ ಸಂಶೋಧನೆಯೊಂದು ಹೊಳೆಯಿತು.

"ಸಾರ್, ನಿಜ ಹೇಳಿಬಿಡ್ತೀನಿ. ಇದು ನಂದಲ್ಲ. ಯಾರ್ಯಾರೋ ಸೇರಿ ಮಾಡಿದ್ದು. ತಪ್ಪೆಲ್ಲ ಅವರದ್ದೇ. ನಾನು ನಂಬಿ ಮೋಸ ಹೋದೆ, ನಿಮ್ಮ ಹಂಗೇ."

"ಓಹೋ. ಮಾಡುವಾಗ ನೀನು, ಕೆಟ್ಟಾಗ ಅವರು" ಎಂದಳು ಹೊನ್ನಮ್ಮ.

"ಯಾರವರು?" ಎಂದರು ಶೇಖರಪ್ಪ, ಜೊತೆಗೆ ಬಂದಿದ್ದ ಗುಮಾಸ್ತನಿಗೆ ಬರೆದುಕೊಳ್ಳಲು ಕಣ್ಸನ್ನೆ ಮಾಡುತ್ತ. "ಹೆಸರು ಹೇಳು. ಊರೂರಿನ ಅಂಗಡಿಯೋರಿಗೂ ಕಾಲೇಜಿನೋರಿಗೂ ಕಳಿಸ್ತೀನಿ. ಇಂಥೋರ ಕೈಗೆ ಒಂದು ಸ್ಕ್ರೂ ಡ್ರೈವರೂ ಕೊಡಬ್ಯಾಡ್ರಿ ಅಂತ ಬರೀತೀನಿ."

"ನಂಗೆ ನೆನಪಿಲ್ಲ ಸಾರ್. ಅಕ್ಕಂಗೆ ಅದಾವೆ. ಒಂದು ಸಲ ಓದಿದ್ರೆ ಇಡೀ ಕ್ಲಾಸಿನ ಹಾಜರಿ ಅವಳಿಗೆ ಬಾಯಿಪಾಠ." ತಿಪ್ಪೇಶ ಬಾಗಿಲ ಕಡೆ ತಿರುಗಿದ. "ಅವತ್ತು ಅಳಿಸುವಾಗ ನೀನೇ ಓದಿ ಹೇಳಿದ್ಯಲ್ಲಕ್ಕ, ಅದೇ ಥರ. ಮೊದಲಿಂದ ಹೇಳು."

ಜಬೀನಾ ಈಗ ಸರ್ವಮಂಗಳಮ್ಮನನ್ನು ನೋಡಿದಳು. ಪರದೆ ನೋಡಿದಾಗ ಇಲ್ಲದ್ದೇನೋ ಅವಳ ಮುಖಕ್ಕೆ ಬಂತು. ಹಿಡಿದಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವಳ ಕಾಲಮೇಲೆ ಬೀಳುತ್ತಿತ್ತು.

"ನೀವಾ ಟೀಚರ್?"

"ನಾನೇ" ಎಂದರು ಸರ್ವಮಂಗಳಮ್ಮ. "ಖಾಲಿ ಕೊಡಬಾರದು ಅನ್ನೋ ನಿಯಮವೂ ನಂದೇ, ಶೇಖರಪ್ಪನೋರೆ. ಅವರು ಯಾರೂ ಅದನ್ನ ಬರೆದಿರಲಿಲ್ಲ. ಬೇಕಾದ್ರೆ ನನ್ನ ಹೆಸರು ಬರ್ಕೊಳ್ರಿ. ಇವನದು ಹೆಂಗೂ ತೋರಣದ ಕೆಳಗೈತೆ."

"ಅಕ್ಕ, ನೀನು ಸುಮ್ನಿರು. ಹೆಸರು ಹೇಳು ಸಾಕು. ಒಂದು ಸಲ ಓದಿದೀಯಲ್ಲ, ಇನ್ನೊಂದು ಸಲ ಓದೋಕೆ ಏನು?"

ಹೆಸರುಗಳೆಲ್ಲ ಅವರ ನಾಲಿಗೆಯ ತುದಿಯಲ್ಲೇ ಇದ್ದವು, ಒಂದೂ ಸ್ಥಾನ ಬದಲಿಸದೆ. ಅವರು ಒಳಗೆ ಹೋದರು. ಗೂಡಿನಲ್ಲಿದ್ದ ಸ್ಟೀಲ್ ಡಬ್ಬಿ ತಂದು, ನೆರೆದವರ ನಡುವೆ ಹಾದು, ಜಬೀನಾಳ ಬಾಗಿಲ ಕಟ್ಟೆಯ ಮೇಲೆ ಇಟ್ಟರು. ಜನ್ಮದಲ್ಲಿ ಮೊದಲ ಸಲ ಖಾಲಿ ಡಬ್ಬಿ ವಾಪಸ್ ಕೊಟ್ಟರು. ಜಬೀನಾ ಅದನ್ನು ಮುಟ್ಟಲಿಲ್ಲ.

"ಅಕ್ಕಾ, ಹೇಳು."

ಸರ್ವಮಂಗಳಮ್ಮ ತಮ್ಮನ ಕಡೆ ತಿರುಗಿದರು.

"ಹೇಳಲ್ಲ. ಇವತ್ತು ಶುಕ್ರವಾರ, ದೀಪ ಹಚ್ಚೋ ಹೊತ್ತಾಗೈತೆ. ಇನ್ನು ನಮ್ಮನೆಯಿಂದ ಏನೂ ಹೊರಗೆ ಕೊಡಲ್ಲ."